ಹಂಪಮ್ಮನ ಹುಣಸೆ ನೆರಳು

ರಾಯಚೂರಿನ ನೆರಳು ಕಚೇರಿಯ ಅಂಗಳದಲ್ಲಿ ಜನ ತಮ್ಮ ನೆರಳಿನ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ಸಾಲಾಗಿ ನಿಂತಿದ್ದರು. ಯಾವ ಬಗೆಯದೆಂದು ಕಚೇರಿಯಲ್ಲಿ ಬರೆಸದ ನೆರಳನ್ನು ಬೇಸಿಗೆಯಲ್ಲಿ ಯಾರೂ ಹಾಸುವಂತಿರಲಿಲ್ಲ. ಒಂದೊಂದನ್ನೂ ಚಾಪೆಯಂತೆ ಬಿಡಿಸಿ, ಅದರ ಮೇಲೆ ಕೂತು ನೋಡಿ, ಬಗೆ ಹೇಳುವುದು ಶರಣಮ್ಮನ ಕೆಲಸ. ಮರ ಬದುಕಿದ್ದರೆ ನೆರಳು 'ಮತ್ತೆ ಹುಟ್ಟುವಂಥದ್ದು', ಮನೆಗೆ ಒಯ್ಯಬಹುದು. ಮರ ಹೋಗಿದ್ದರೆ 'ಮುಗಿಯುವಂಥದ್ದು', ಅದು ಸರ್ಕಾರದ ಉಗ್ರಾಣಕ್ಕೆ.

ಮುದುಕಿ ಹಂಪಮ್ಮ ತಂದದ್ದು ಹುಣಸೆಯ ನೆರಳು. ಕೂತೊಡನೆ ಶರಣಮ್ಮನ ಬೆನ್ನು ತಣ್ಣಗಾಯಿತು.

"ಮರ ಐತೇನಬೇ ಯವ್ವಾ?"

"ರಸ್ತೆ ಮಾಡಾಕಂತ ಹೋದ ವರ್ಷ ಕಡಿದ್ರು. ಕೊಡಲಿ ಬೀಳೂದ್ರಾಗ ನೆರಳು ಸುತ್ತಿ ಇಟ್ಕೊಂಡೆ."

"ಹಂಗಾದ್ರ ಇದು ಉಗ್ರಾಣಕ್ಕ ಹೋಗಬೇಕು."

ಮುದುಕಿ ಬೇಡಲಿಲ್ಲ, ಅಳಲೂ ಇಲ್ಲ. "ಒಯ್ಯವ್ವ. ಇದನ್ನೂ ಒಯ್ಯಿ ಮತ್ತ," ಎಂದು ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದು ಬಿಸಿಲಲ್ಲಿಟ್ಟಳು. ಅದರಲ್ಲಿ ಗೇಣುದ್ದದ ಹುಣಸೆ ಸಸಿಯಿತ್ತು. "ಅದ ಮರದ ಬೀಜ. ಈ ನೆರಳಾಗ ಬೆಳದೈತಿ. ನೆರಳು ಕಸ್ಕೊಂಡ್ರ ನಾಳಿಗೆ ಸುಟ್ಟು ಹೋಕ್ಕೈತಿ."

ಆಗಲೇ ಎಲೆಗಳು ಬಾಡತೊಡಗಿದ್ದವು. ಶರಣಮ್ಮ ಬಾಗಿ ನೋಡಿದಳು. ಸಸಿಯ ಬುಡದಲ್ಲಿ ಅದರದೇ ನೆರಳು ಅಂಗೈಯಷ್ಟು ಬಿದ್ದಿತ್ತು. ಬೆರಳಿಟ್ಟು ನೋಡಿದರೆ ಅದೇ ಹುಣಸೆಯ ತಂಪು.

ಅವಳು ಡಬ್ಬಿಯನ್ನು ಸರಕ್ಕನೆ ನೆರಳಿಗೆ ಎಳೆದುಕೊಂಡಳು. ಬಳಿಕ ನೆರಳಿನ ಅಂಚಿಗೆ 'ಮತ್ತೆ ಹುಟ್ಟುವಂಥದ್ದು' ಎಂಬ ಮುದ್ರೆ ಒತ್ತಿ, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದಳು:

"ಮನಿಗೆ ಒಯ್ಯಬೇ ಯವ್ವಾ. ಮರ ಐತಿ."