ಹಲಗೆ ಬಿದ್ದ ಬಾಗಿಲು

ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಬಾಗಿಲಿನ ಮೇಲೆ ಮೇಸ್ತ್ರಿ ಪ್ಲೈವುಡ್ ಹಲಗೆ ಹೊಡೆದ. ಹಲಗೆಯ ಮೇಲೂ ಅಕ್ಕಪಕ್ಕದ ಗೋಡೆಯ ಮೇಲೂ ಚಾಕ್‌ಪೀಸನ್ನು ದಪ್ಪಕ್ಕೆ ತಿಕ್ಕಿ ಹೊಸ ಕಟ್ಟೆ, ಸಿಂಕು, ಕಪಾಟು ಎಲ್ಲ ಬರೆದ. "ಅಕ್ಕಾ, ಒಂದು ವಾರ ಇದನ್ನೇ ಗೋಡೆ ಅಂದ್ಕೊಂಡು ಬಾಳ್ವೆ ಮಾಡಿ. ಬಚ್ಚಲಿಗೆ ಮಲಗೋ ಕೋಣೆ ಕಡೆ ಬಾಗಿಲಿಂದ್ಲೇ ಹೋಗಿ. ಎಲ್ಲಿ ತೊಡಕಾಗತ್ತೋ ಅಲ್ಲಿ ಪ್ಲಾನು ತಪ್ಪಿದೆ ಅಂತ ಲೆಕ್ಕ. ಚಾಕ್ ಗೆರೆ ಆದ್ರೆ ಒರೆಸ್ಕೋಬಹುದು, ಇಟ್ಟಿಗೆ ಇಟ್ಮೇಲೆ ಕಣ್ಣೊರೆಸ್ಕೋಬೇಕು." ಯಾರ ಮನೆ ಒಡೆಯುವ ಮೊದಲೂ ಅವನು ಹೀಗೇ ಮಾಡಿಸುತ್ತಿದ್ದ. ಹೊರಡುವಾಗ ಇನ್ನೊಂದು ಮಾತು ಕೇಳಿದ. "ಈ ಬಾಗಿಲಲ್ಲಿ ಯಾರ್ಯಾರು ಓಡಾಡ್ತೀರಿ?"

"ಇನ್ಯಾರಿದಾರೆ? ನಾನು, ಇವ್ರು, ಇಬ್ರೇ," ಎಂದಳು ಸೊಸೆ. ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂದಿದ್ದರೂ ನೆಂಟರಿಷ್ಟರ ಬಾಯಲ್ಲಿ ಅವಳಿನ್ನೂ ಸೊಸೆಯೇ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಟ್ಟಿದ ಮನೆ ಒಡೆದು ನೋಡು ಎನ್ನಲು ಮರೆತರು. ಒಡೆಯದೆ ಅವಳಿಗೆ ಗತಿಯೂ ಇರಲಿಲ್ಲ. ಅದು ಒಬ್ಬರು ತಿರುಗಿದರೆ ಇನ್ನೊಬ್ಬರ ಮೈ ತಾಗುವ ಅಡುಗೆಮನೆ. ಪಾತ್ರೆ ಇಟ್ಟರೆ ತರಕಾರಿ ಹೆಚ್ಚಲು ಜಾಗವಿಲ್ಲ, ತರಕಾರಿ ಹೆಚ್ಚಿದರೆ ಪಾತ್ರೆ ನೆಲಕ್ಕೆ. ಆ ಬಾಗಿಲೊಂದು ಮುಚ್ಚಿದರೆ ಗೋಡೆಯುದ್ದಕ್ಕೂ ಕಟ್ಟೆ ಬರುತ್ತದೆ ಎಂದು ಮದುವೆಯಾಗಿ ಬಂದ ಹೊಸದರಲ್ಲೇ ಅವಳು ಕಂಡುಕೊಂಡಿದ್ದಳು. ಹೇಳುವ ಧೈರ್ಯ ಮಾತ್ರ ಬಂದದ್ದು ಈಗ.

ಮಾರನೆಯ ದಿನ ಅಂಗಡಿಯಿಂದ ಬಂದು ನೋಡುತ್ತಾಳೆ, ಚಾಕಿನ ಸಿಂಕು ಅರ್ಧ ಅಳಿಸಿಹೋಗಿದೆ. ಸಂಜೆ ಗಂಡ ಬಂದ ಕೂಡಲೇ ತರಾಟೆಗೆ ತೆಗೆದುಕೊಂಡಳು. "ರೀ, ಬೆಳಿಗ್ಗೆ ಇದಕ್ಕೆ ಒರಗಿ ನಿಂತಿದ್ರಾ?"

"ನಾನ್ಯಾಕೆ ಒರಗ್ಲಿ? ನೀನೇ ಒರಗಿರ್ತೀಯ. ಅದರ ಮುಂದೆ ನಿಂತು ಕನಸು ಕಾಣೋದು ಯಾರು, ನಾನಾ?"

ಅವಳು ನಕ್ಕು ಚಾಕ್‌ಪೀಸ್ ತೆಗೆದುಕೊಂಡು ಮತ್ತೆ ಬರೆದಳು. ಮರುದಿನವೂ ಅಳಿಸಿತ್ತು. ಈ ಸಲ ಹತ್ತಿರ ಹೋಗಿ ನೋಡಿದಳು. ಮೈ ತಾಗಿ ಅಳಿಸಿದ್ದಲ್ಲ ಅದು. ಮೂಲೆಯ ಕೋಣೆಯ ಕಡೆಯಿಂದ ಗೋಡೆಗುಂಟ ಒಂದರ ಪಕ್ಕ ಒಂದು ಅಂಗೈ ಗುರುತು ಬಂದಿತ್ತು; ಹಳೆಯ ಬಾಗಿಲಿನ ಚಿಲಕವಿದ್ದ ಜಾಗದಲ್ಲಿ ಗುರುತಿನ ಮೇಲೆ ಗುರುತು ಬಿದ್ದು ಚಾಕೆಲ್ಲ ಕಲಸಿಹೋಗಿತ್ತು.

ಮೂಲೆಯ ಕೋಣೆ ಅತ್ತೆಯದು. ಕೊನೆಗಾಲದಲ್ಲಿ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಆದರೂ ಬಚ್ಚಲಿಗೆ ಹೋಗಲು ಯಾರನ್ನೂ ಕರೆದವರಲ್ಲ. ಗೋಡೆ ಸವರುತ್ತ ಬಂದು, ಬಾಗಿಲು ತಟ್ಟಿ ಚಿಲಕ ಹುಡುಕಿಕೊಳ್ಳುತ್ತಿದ್ದರು. ಸೊಸೆ ಕೈ ಹಿಡಿಯಲು ಹೋದರೆ, "ಕಣ್ಣು ಹೋಗಿದೆ ಕಣೇ, ದಾರಿ ಇನ್ನೂ ಹೋಗಿಲ್ಲ," ಎನ್ನುತ್ತಿದ್ದರು. ಪರರ ಮನೆಗೆ ಹೋದಾಗ ಮಾತ್ರ ಅವಳ ಮೊಣಕೈಯ ಮೇಲಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಹಿಡಿದರೆ, ತಿರುಗಿ ಬಂದು ತಮ್ಮ ಮನೆಯ ಗೋಡೆ ಕೈಗೆ ಸಿಗುವವರೆಗೂ ಬಿಡುತ್ತಿರಲಿಲ್ಲ.

ಅಳಿಸಿದ್ದನ್ನು ಅವಳು ದಿನವೂ ಮತ್ತೆ ಬರೆಯುತ್ತ ಬಂದಳು. ವಾರದ ಕೊನೆಯ ದಿನ ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತಿದ್ದಳು. ಬೆನ್ನ ಹಿಂದೆ ಹಲಗೆ ಟಪ್ ಎಂದಿತು. ತಿರುಗಿದಳು. ಯಾರೂ ಇಲ್ಲ. ಹಲಗೆ ಮತ್ತೆ ಸದ್ದು ಮಾಡಿತು, ಚಾಕಿನ ಪುಡಿ ನೆಲಕ್ಕೆ ಉದುರಿತು. ಅವಳ ಕಣ್ಣೆದುರೇ ಸಿಂಕಿನ ಒಂದು ಬದಿ ಮಾಯವಾಯಿತು, ಇನ್ನೊಂದು ಬದಿಯೂ ಹೋಯಿತು. ತಟ್ಟುವುದು ಬರಬರುತ್ತ ಜೋರಾಯಿತು. ಆ ಅವಸರ ಅವಳಿಗೆ ಗೊತ್ತಿದ್ದದ್ದೇ. ಬಚ್ಚಲಿಗೆ ತಡವಾದರೆ ಮುದುಕಿ ನಾಚಿಕೆಯಿಂದ ಎರಡು ದಿನ ಮಾತಾಡುತ್ತಿರಲಿಲ್ಲ. ಓಡಿಹೋಗಬೇಕೆನಿಸಿತು. ಹಲಗೆ ಕಿತ್ತೆಸೆಯಬೇಕೆನಿಸಿತು. ಆದರೆ ಹಲಗೆ ಕಿತ್ತರೆ ಕಟ್ಟೆ ಹೋಯಿತು, ಮತ್ತೆ ಅದೇ ಇಕ್ಕಟ್ಟು, ಸಾಯುವವರೆಗೂ.

ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಬಂದು ಮೊಣಕೈ ಚಾಚಿದಳು. "ಅತ್ತೆ, ಅಲ್ಲಿ ಬಾಗಿಲಿಲ್ಲ. ಈ ಕಡೆ ಬನ್ನಿ."

ಸದ್ದು ನಿಂತಿತು. ತೋಳಿನ ಬಟ್ಟೆ ಮೆಲ್ಲಗೆ ಬಿಗಿಯಾಯಿತು. ಅವಳು ಒಂದೊಂದೇ ಹೆಜ್ಜೆ ಇಡುತ್ತ ನಡೆದಳು. "ಹೊಸಲಿದೆ, ಕಾಲೆತ್ತಿ... ಇದು ಮಂಚ, ಈ ಕಡೆ ಸರಿದು ಬನ್ನಿ..." ಬಚ್ಚಲಿನ ಇನ್ನೊಂದು ಬಾಗಿಲ ತನಕ ಕರೆದೊಯ್ದು, ಬಾಗಿಲು ತೆರೆದು, ಅತ್ತೆಯ ಕೈಗೆ ಗೋಡೆ ಸಿಗಲೆಂದು ಗೋಡೆಗೆ ತಾಗುವಂತೆ ನಿಂತಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಹೊರಗೆ ಮೇಸ್ತ್ರಿ ಕೂಗಿದಾಗಲೇ ಅಲ್ಲಿಂದ ಕದಲಿದ್ದು.

ಮೇಸ್ತ್ರಿ ಬಂದವನೇ ಬೋಳಾದ ಹಲಗೆ ನೋಡಿ ತಲೆ ಕೆರೆದುಕೊಂಡ. "ಏನಕ್ಕಾ, ಎಲ್ಲ ಒರೆಸಿಬಿಟ್ಟಿದೀರಿ? ಪ್ಲಾನು ಹಿಡಿಸ್ಲಿಲ್ವಾ?"

"ಹಿಡಿಸ್ತು. ಕಟ್ಟಿಬಿಡಿ. ಯಾರಿಗೂ ತೊಡಕಿಲ್ಲ."

"ಸರಿ, ಹಾಗಾದ್ರೆ ನಾಳೆಯಿಂದ ಹಳೇದು ಒಂದೂ ಬಿಡಲ್ಲ. ನೆಲ, ಗೋಡೆ, ಗಾರೆ, ಎಲ್ಲಾ ಕಿತ್ತು ಹೊಸದು. ಇದು ನಿಮ್ಮನೇನಾ ಅಂತ ನಿಮಗೇ ಅನುಮಾನ ಬರ್ಬೇಕು, ನೋಡ್ತಿರಿ," ಎಂದು ನಗುತ್ತಾ ಅವನು ಅವಳ ತೋಳಿನ ಕಡೆ ನೋಡಿದ. "ಅಕ್ಕಾ, ಮೊಣಕೈಗೆ ಚಾಕ್ ಮೆತ್ಕೊಂಡಿದೆ."

ಅವಳು ನೋಡಿಕೊಂಡಳು. ಐದು ಬೆರಳಿನ ಬಿಳಿ ಗುರುತು. ಕೊಡವಿದಳು, ಪುಡಿ ಹಾರಿತು. ಬಟ್ಟೆ ಮಾತ್ರ ಮುಷ್ಟಿಯೊಳಗೆ ಮುದುಡಿದ ಹಾಗೆ ಇನ್ನೂ ಮುದುಡಿಕೊಂಡೇ ಇತ್ತು; ಹಿಡಿದ ಬಿಗಿ ಬಿಟ್ಟಿರಲಿಲ್ಲ.