ಬಿಚ್ಚಿ ಕೊಡದ ಉಂಗುರ

ಹಬ್ಬದ ಬಂದೂಕು ಸವಾರಿಯ ಪ್ರದರ್ಶನದಲ್ಲಿ, ಇತ್ತೊ ಎಂಬ ಹುಡುಗಿಯ ಉಂಗುರ ಬಂದೂಕಿನ ಟ್ರಿಗರ್ ಕಂಬಿಗೆ ಸಿಕ್ಕಿಕೊಂಡಾಗ ಸಾಲಿನ ಕುದುರೆಗಳೆಲ್ಲ ನಾಗಾಲೋಟದಲ್ಲಿದ್ದವು. ನಾಯಕಿ ರಖಿಯಾ ಚಿಕ್ಕಮ್ಮ ಕೂಗಿದೊಡನೆ ಹೆಂಗಸರೆಲ್ಲ ಒಟ್ಟಿಗೆ ಆಕಾಶಕ್ಕೆ ಹಾರಿಸಬೇಕು, ಅಷ್ಟೂ ಬಂದೂಕುಗಳಿಂದ ಒಂದೇ ಸದ್ದು ಬರಬೇಕು. ಇತ್ತೊ ಬೆರಳು ಬಿಡಿಸಿಕೊಳ್ಳಲು ಎಳೆದಳು. ಅಡ್ಡವಾಗಿದ್ದ ಬಂದೂಕು ಢಂ ಎಂದಿತು. ಒಳಗೆ ಗುಂಡಿರಲಿಲ್ಲ, ಬರೀ ಮದ್ದು. ಆದರೆ ಅದರ ಬೆಂಕಿ ಪಕ್ಕದಲ್ಲೇ ಇದ್ದ ಚಿಕ್ಕಮ್ಮನ ಮುಖಕ್ಕೆ ಬಡಿಯಿತು.

"ಉಂಗುರ ಬಿಚ್ಚಿಡೇ ಅಂದಿದ್ನಲ್ಲೇ," ಎಂದಳು ಚಿಕ್ಕಮ್ಮ, ಕುದುರೆಯಿಂದಿಳಿದು ಮಣ್ಣಿನಲ್ಲಿ ಕೂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು.

ಬೆಳಿಗ್ಗೆ ಜೀನು ಬಿಗಿಯುವಾಗಲೇ ಹೇಳಿದ್ದಳು. ಇತ್ತೊ ಹೂಂ ಎಂದಿದ್ದಳು. ಆದರೆ ಅತ್ತೆಯಾಗುವವಳು ನೋಡಲು ಬರುತ್ತಾಳೆ, ನಿಶ್ಚಯದ ಉಂಗುರವಿಲ್ಲದ ಬೆರಳು ಕಂಡರೆ ಏನಂದುಕೊಂಡಾಳು? ಚಿಕ್ಕಮ್ಮನಿಗೆ ಕಾಣದಂತೆ ಹರಳನ್ನು ಒಳಗಡೆಗೆ ತಿರುಗಿಸಿಕೊಂಡಿದ್ದಳು, ಓಟ ಮುಗಿದ ಮೇಲೆ ಸರಿಮಾಡಿಕೊಂಡರಾಯಿತು ಎಂದು. ಕಂಬಿಗೆ ಸಿಕ್ಕಿದ್ದು ಆ ಹರಳೇ.

ಜನರನ್ನು ತಳ್ಳಿಕೊಂಡು ಅತ್ತೆಯಾಗುವ ಲಲ್ಲಾ ತಾಮು ಓಡಿಬಂದಳು. ಚಿಕ್ಕಮ್ಮನ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಳು. ಆಮೇಲೆ ಇತ್ತೊಳ ಊದಿದ ಬೆರಳು ತಾಮುವಿನ ಕಣ್ಣಿಗೆ ಬಿತ್ತು.

"ಇದನ್ನ ಹಾಕ್ಕೊಂಡೇ ಬಂದೂಕು ಹಿಡಿದ್ಯಾ ಮಗಳೇ?" ಅವಳ ದನಿ ಇಳಿಯಿತು. "ನಿನ್ನ ಮಾವನೋರೂ ಸವಾರರೇ ಕಣೆ. ಕುದುರೆ ಹತ್ತೋಕೆ ಮುಂಚೆ ಉಂಗುರ ಬಿಚ್ಚಿ ನನ್ನ ಕೈಗೆ ಕೊಡ್ತಿದ್ರು. ನೀನೂ ತಂದು ಕೊಡ್ತೀಯ ಅಂತ, ಬೆಳಿಗ್ಗೆಯಿಂದ ಬೇಲಿ ಹತ್ರಾನೇ ಕಾಯ್ತಾ ನಿಂತಿದ್ದೆ."