ಆರನೆಯ ಹಾಡು

ಕಸುಮಿಯ ಎರಡನೆಯ ಆಲ್ಬಮ್ ಒಂದೇ ವಾರದಲ್ಲಿ ಹತ್ತು ಲಕ್ಷ ಪ್ರತಿ ಖರ್ಚಾಗಿ ಜಪಾನಿನಲ್ಲಿ ಆ ವರ್ಷದ ದಾಖಲೆಗಳನ್ನೆಲ್ಲ ಮುರಿದಿತ್ತು. ಪ್ರತಿ ಸಿ.ಡಿ.ಯ ಡಬ್ಬಿಯಲ್ಲೂ ಒಂದು ಚೀಟಿ. ಒಂದು ಚೀಟಿ ಕೊಟ್ಟರೆ ಗಾಯಕಿಯ ಕೈಯನ್ನು ನಾಲ್ಕು ಸೆಕೆಂಡು ಕುಲುಕಬಹುದು. ಹಾಗಾಗಿ ಅಭಿಮಾನಿಗಳು ಒಬ್ಬೊಬ್ಬರೂ ಇಪ್ಪತ್ತು ಮೂವತ್ತು ಡಬ್ಬಿ ಹೊತ್ತುಕೊಂಡು ಹೋಗಿದ್ದರು.

ಬೆಳಗಿನಿಂದ ಕುಲುಕಿಸಿಕೊಂಡು ಅವಳ ಕೈ ಬಾತಿತ್ತು. ಮೊದಲ ಆಲ್ಬಮ್ಮಿನ ಕುಣಿತದ ಹಾಡುಗಳನ್ನು ಯಾರೋ ಬರೆದುಕೊಟ್ಟಿದ್ದರು. ಇದರಲ್ಲಿ ಆರನೆಯದನ್ನು, ಅಪ್ಪ ತೀರಿಕೊಂಡ ಮೇಲೆ, ಅವಳೇ ಬರೆದಿದ್ದಳು. ಅದನ್ನು ಒಬ್ಬರಾದರೂ ಕೇಳಿದರೇ ಎಂಬುದಷ್ಟೇ ಅವಳಿಗೆ ಬೇಕಿತ್ತು.

ಹನ್ನೊಂದನೆಯ ಸಲ ಸಾಲಿನಲ್ಲಿ ಬಂದ ಕನ್ನಡಕದವನನ್ನು ಕೇಳಿಯೇಬಿಟ್ಟಳು. "ಆರನೇ ಹಾಡು ಕೇಳಿದ್ರಾ?"

"ಕಸುಮಿ ಸಾನ್, ಅದನ್ನ ಕೇಳಿ ಮೂರು ದಿನದಿಂದ ನಿದ್ದೆ ಇಲ್ಲ. ನಮ್ಮಮ್ಮನೂ ಅತ್ತರು."

ನಾಲ್ಕು ಸೆಕೆಂಡು ಮುಗಿದು, ಕಾವಲುಗಾರ ಅವನನ್ನು ಮುಂದಕ್ಕೆ ತಳ್ಳಿದ. ಅವಳಿಗೆ ಕೈನೋವೇ ಮರೆತುಹೋಯಿತು.

ಅಷ್ಟರಲ್ಲಿ ಸಿ.ಡಿ. ತಯಾರಿಸಿದ ಕಾರ್ಖಾನೆಯ ಯಜಮಾನ ಬಂದವನೇ ಸೊಂಟ ಮುರಿಯುವಷ್ಟು ಬಾಗಿ, ಹಾಗೆಯೇ ನಿಂತ.

"ದೊಡ್ಡ ತಪ್ಪಾಗಿದೆ. ಹೊದಿಕೆ ಹೊಸದೇ. ಆದರೆ ಹತ್ತು ಲಕ್ಷ ಡಿಸ್ಕಿನಲ್ಲೂ ನಿಮ್ಮ ಮೊದಲನೇ ಆಲ್ಬಮ್ಮಿನ ಹಾಡುಗಳೇ ಅಚ್ಚಾಗಿವೆ."

"ಯಾರು ದೂರು ಕೊಟ್ಟರು?" ಅವಳ ದನಿಯಲ್ಲಿ ಇನ್ನೂ ಚೂರು ಆಸೆಯಿತ್ತು.

"ಯಾರೂ ಇಲ್ಲ. ಇವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊತ್ತು ಹೋಗದೆ ನಮ್ಮ ಕೆಲಸದವನೊಬ್ಬ ಒಂದನ್ನ ಹಾಕಿ ಕೇಳಿದ."